ಪ್ರಾರ್ಥನೆಯ ಹೆಸರಿನಲ್ಲಿ ಬರುವ ಸುಳ್ಳು ಸುದ್ದಿ

ಪ್ರಶ್ನೆ: ನಮ್ಮ ಸಭೆಯ ಮಹಿಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ತುರ್ತು ಪ್ರಾರ್ಥನಾ ವಿನಂತಿಯೊಂದು ಬಂತು. ಭಾರತದಲ್ಲಿ ಬೌದ್ಧ ಉಗ್ರರು ನಿನ್ನೆ ರಾತ್ರಿ 20 ಚರ್ಚುಗಳನ್ನು ಸುಟ್ಟಿದ್ದಾರೆ, ಇಂದು ರಾತ್ರಿ ಒಲಿಸಬಾಂಗ್ ಪ್ರಾಂತ್ಯದಲ್ಲಿ 200ಕ್ಕೂ ಹೆಚ್ಚು ಚರ್ಚುಗಳನ್ನು ನಾಶ ಮಾಡಲಿದ್ದಾರೆ, 24 ಗಂಟೆಗಳಲ್ಲಿ 200 ಮಿಷನರಿಗಳನ್ನು ಕೊಲ್ಲಲಿದ್ದಾರೆ, ಎಲ್ಲರಿಗೂ ಕಳುಹಿಸಿ ಎಂದಿತ್ತು. ಇದು ನಿಜವೇ ಎಂದು ಕೇಳಿದ್ದಕ್ಕೆ ಹಿರಿಯ ಸಹೋದರಿಯೊಬ್ಬರು, ‘ಪ್ರಾರ್ಥನೆ ಮಾಡುವುದಕ್ಕೂ ಪುರಾವೆ ಬೇಕೇ? ಸಂಶಯ ಸೈತಾನನದು’ ಎಂದುಬಿಟ್ಟರು. ನಾನು ಕೇಳಿದ್ದು ತಪ್ಪೇ?
– ಓದುಗರೊಬ್ಬರು, ಕುಶಾಲನಗರ

ಉತ್ತರ: ತಪ್ಪಲ್ಲ ಸಹೋದರಿ. ಆ ಗುಂಪಿನಲ್ಲಿ ಅದನ್ನು ಯಾರಾದರೊಬ್ಬರು ಕೇಳಲೇಬೇಕಿತ್ತು, ನೀವು ಕೇಳಿದಿರಿ.

ಮೊದಲು ಸುದ್ದಿಯನ್ನೇ ನೋಡೋಣ. ಒಲಿಸಬಾಂಗ್ ಎಂಬ ಪ್ರಾಂತ್ಯ ಭಾರತದಲ್ಲಿ ಇಲ್ಲ. ನಮ್ಮಲ್ಲಿ ರಾಜ್ಯಗಳಿವೆ, ಜಿಲ್ಲೆಗಳಿವೆ. ಆ ಹೆಸರಿನ ರಾಜ್ಯವೂ ಇಲ್ಲ, ಜಿಲ್ಲೆಯೂ ಇಲ್ಲ. ಈ ಸಂದೇಶ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ದೇಶದೇಶಗಳ ಕ್ರೈಸ್ತರ ನಡುವೆ ಸುತ್ತುತ್ತಿದೆ. ಯಾವ ವರ್ಷ ಓದಿದರೂ ಅದರಲ್ಲಿ ಚರ್ಚುಗಳು ಸುಟ್ಟಿದ್ದು ‘ನಿನ್ನೆ ರಾತ್ರಿ’ಯೇ, ಕೊಲೆ ನಡೆಯಬೇಕಾದದ್ದು ‘ಮುಂದಿನ 24 ಗಂಟೆ’ಗಳಲ್ಲಿಯೇ. ತಾರೀಖು ಇಲ್ಲ, ಊರಿನ ಹೆಸರಿಲ್ಲ, ಪಾದ್ರಿಯೊಬ್ಬರ ಹೆಸರೂ ಇಲ್ಲ. ತಾರೀಖು ಹಾಕಿದ್ದರೆ ಸಂದೇಶ ಮರುದಿನವೇ ಹಳತಾಗುತ್ತಿತ್ತು. ಹಾಕದ್ದರಿಂದಲೇ ಇಷ್ಟು ವರ್ಷ ಓಡಾಡಿಕೊಂಡಿದೆ.

ನೀವು ಇರುವುದು ಕುಶಾಲನಗರದಲ್ಲಿ. ಕೆಲವೇ ಕಿಲೋಮೀಟರ್ ದೂರದಲ್ಲಿ ಬೈಲಕುಪ್ಪೆ. ಅಲ್ಲಿನ ಟಿಬೆಟನ್ ಬೌದ್ಧರು ನಿಮ್ಮ ಪೇಟೆಗೇ ಬರುತ್ತಾರೆ, ನಿಮ್ಮ ಬಸ್ಸಿನಲ್ಲಿಯೇ ಕೂರುತ್ತಾರೆ. ಈ ಸಂದೇಶ ಅವರ ಮೇಲೆ ಕೊಲೆಯ ಆರೋಪ ಹೊರಿಸುತ್ತದೆ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಇದಕ್ಕಿಂತ ನೇರವಾದ ಉದಾಹರಣೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಬರೆದವರು ಯಾರೋ ಇರಬಹುದು, ಮುಂದೆ ಕಳುಹಿಸಿದವರು ನಾವು. ವಿಮೋಚನಕಾಂಡ 23ನೆಯ ಅಧ್ಯಾಯದ ಮೊದಲ ವಚನ ಸುಳ್ಳು ಸುದ್ದಿಯನ್ನು ಹುಟ್ಟಿಸಿದವನನ್ನಷ್ಟೇ ಎಚ್ಚರಿಸುವುದಿಲ್ಲ, ಹಬ್ಬಿಸುವವನಿಗೂ ಕೈ ಜೋಡಿಸುವವನಿಗೂ ಎಚ್ಚರಿಕೆ ಕೊಡುತ್ತದೆ. ಪ್ರಾರ್ಥನೆಗಾಗಿ ಕಳುಹಿಸಿದೆ ಎಂದರೆ ಆ ಆಜ್ಞೆಯಿಂದ ವಿನಾಯಿತಿ ಸಿಗುವುದಿಲ್ಲ.

‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಚರ್ಚುಗಳ ಮೇಲೆ ದಾಳಿ ನಡೆದೇ ಇಲ್ಲವೇ?’ ಎಂದು ಯಾರಾದರೂ ಕೇಳಬಹುದು. ನಡೆದಿದೆ. ನನ್ನ ಮನಸ್ಸಿಗೆ ಹೆಚ್ಚು ನೋವಾಗುವುದು ಇಲ್ಲಿಯೇ. 2008ರ ಸೆಪ್ಟೆಂಬರ್ 14ರ ಭಾನುವಾರ ಮಂಗಳೂರಿನಲ್ಲಿ ಮಿಲಾಗ್ರಿಸ್ ಬಳಿಯ ಆರಾಧನಾ ಮಠದ ಮೇಲೆ ದಾಳಿಯಾಯಿತು. ಅದೇ ಸಮಯದಲ್ಲಿ ರಾಜ್ಯದ ಬೇರೆ ಕಡೆಗಳಲ್ಲಿಯೂ ಪ್ರಾರ್ಥನಾ ಮಂದಿರಗಳಿಗೆ ಕಲ್ಲು ಬಿತ್ತು. ಸರ್ಕಾರ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗವನ್ನು ನೇಮಿಸಿತು. ಅದರ ಮುಂದೆ ಜನರು ಬಂದು ತಾವು ಕಂಡದ್ದನ್ನು ಹೇಳಿದರು. ಆ ವರ್ಷವೇ ಒಡಿಶಾದ ಕಂಧಮಾಲಿನಲ್ಲಿ ಸಾವಿರಾರು ಕುಟುಂಬಗಳು ಮನೆಮಠ ಕಳೆದುಕೊಂಡವು. ಇವುಗಳಿಗೆ ದಿನಾಂಕವಿದೆ, ಊರಿದೆ, ಸಾಕ್ಷಿಗಳಿದ್ದಾರೆ. ಇಲ್ಲದ ಒಲಿಸಬಾಂಗಿನ ಕಥೆಯನ್ನು ನಾವು ಹಂಚುತ್ತಾ ಹೋದರೆ, ನಾಳೆ ನಿಜವಾಗಿ ನೊಂದವರ ಮಾತು ಕೇಳಿಬಂದಾಗ ‘ಇವರದು ಇದ್ದದ್ದೇ’ ಎಂದು ಜನರು ಮುಖ ತಿರುಗಿಸುತ್ತಾರೆ. ಕಂಧಮಾಲಿನ ವಿಧವೆಗೆ ನಾವು ಮಾಡುವ ಅನ್ಯಾಯವಿದು.

ಇನ್ನು ಸಂಶಯ ಸೈತಾನನದು ಎಂಬ ಮಾತು. ಬೆರೋಯ ಪಟ್ಟಣದವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರಗ್ರಂಥದೊಂದಿಗೆ ಹೋಲಿಸಿ ನೋಡಿ ಲೂಕನಿಂದ ಮೆಚ್ಚುಗೆ ಪಡೆದದ್ದು ಎಲ್ಲರಿಗೂ ಗೊತ್ತು. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಸಂಗವನ್ನು ಆ ಸಹೋದರಿಗೆ ತೋರಿಸಿ. ಥೆಸಲೋನಿಕದ ಸಭೆಯಲ್ಲಿ ಕರ್ತನ ದಿನ, ಅಂದರೆ ಕ್ರಿಸ್ತನು ಮರಳಿ ಬರುವ ದಿನ, ಆಗಲೇ ಬಂದುಬಿಟ್ಟಿದೆ ಎಂಬ ಗದ್ದಲವೆದ್ದಿತು. ತನ್ನಿಂದಲೇ ಬಂತೆಂದು ಹೇಳುವ ಪತ್ರ ತೋರಿಸಿದರೂ ಚಂಚಲರಾಗಬೇಡಿ ಎಂದು ಪೌಲನು ಎರಡನೆಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಅದೇ ಪತ್ರಿಕೆಯ ಕೊನೆಯಲ್ಲಿ, ಈ ವಂದನೆಯನ್ನು ನನ್ನ ಕೈಯಾರೆ ಬರೆದಿದ್ದೇನೆ, ನನ್ನ ಪ್ರತಿಯೊಂದು ಪತ್ರಕ್ಕೂ ಇದೇ ಗುರುತು ಎನ್ನುತ್ತಾನೆ. ಅಪೊಸ್ತಲನ ಹೆಸರಿನಲ್ಲಿ ಸುಳ್ಳು ಪತ್ರ ಬರಬಹುದೆಂಬ ಎಚ್ಚರ ಸಭೆಗೆ ಮೊದಲ ಶತಮಾನದಲ್ಲಿಯೇ ಇತ್ತು. ಪತ್ರ ಯಾರದು ಎಂದು ನೋಡಿ ನಂಬಿ ಎಂದವನು ಪೌಲನೇ. ನೀವು ಅದನ್ನೇ ಮಾಡಿದಿರಿ.

ಮುಂದೆ ಇಂಥ ವಿನಂತಿ ಬಂದಾಗ ಪ್ರಾರ್ಥನೆಯನ್ನು ತಡೆಹಿಡಿಯಬೇಕಾಗಿಲ್ಲ. ಸಂಕಟದಲ್ಲಿರುವ ಸಭೆಗಳಿಗಾಗಿ ಆ ಕ್ಷಣವೇ ಪ್ರಾರ್ಥಿಸಿ. ಅದಕ್ಕೆ ಫಾರ್ವರ್ಡ್ ಮಾಡುವ ಅಗತ್ಯವಿಲ್ಲ, ದೇವರಿಗೆ ಆ ಸಂದೇಶದ ಪ್ರತಿ ಬೇಕಿಲ್ಲ. ಬಳಿಕ ನಿಮ್ಮ ಡಯಾಸಿಸ್ ಕಚೇರಿಗೋ ಸಭಾಪಾಲಕರಿಗೋ ಒಂದು ಕರೆ ಮಾಡಿ. ಇವ್ಯಾಂಜೆಲಿಕಲ್ ಫೆಲೋಶಿಪ್ ಆಫ್ ಇಂಡಿಯಾದಂಥ ಸಂಸ್ಥೆಗಳು ಕ್ರೈಸ್ತರ ಮೇಲಿನ ದೌರ್ಜನ್ಯಗಳನ್ನು ಸ್ಥಳ, ದಿನಾಂಕ ಸಮೇತ ದಾಖಲಿಸುತ್ತವೆ. ನಿಜವೆಂದು ತಿಳಿದರೆ ಊರಿನ ಹೆಸರು ಹಿಡಿದು ಪ್ರಾರ್ಥಿಸಬಹುದು, ಸಹಾಯವನ್ನೂ ಕಳುಹಿಸಬಹುದು.

ಪ್ರಶ್ನೆ: ಯುವಜನರ ಕೂಟ ನಡೆಸುತ್ತೇನೆ. ನಾಸಾ ವಿಜ್ಞಾನಿಗಳ ಕಂಪ್ಯೂಟರಿಗೆ ಕಾಲದಲ್ಲಿ ಒಂದು ದಿನ ಕಾಣೆಯಾಗಿರುವುದು ಗೊತ್ತಾಯಿತು, ಅದು ಬೈಬಲಿನಲ್ಲಿ ಯೆಹೋಶುವನಿಗಾಗಿ ಸೂರ್ಯ ನಿಂತ ದಿನ ಎಂಬ ಕಥೆಯನ್ನೂ, ಡಾರ್ವಿನ್ ಸಾಯುವಾಗ ಪಶ್ಚಾತ್ತಾಪಪಟ್ಟು ಯೇಸುವನ್ನು ನಂಬಿದ ಕಥೆಯನ್ನೂ ಪ್ರಸಂಗಗಳಲ್ಲಿ ಹೇಳಿದ್ದೇನೆ. ಇವು ಸುಳ್ಳು ಎಂದು ಒಬ್ಬ ವಿದ್ಯಾರ್ಥಿ ವಾದಿಸುತ್ತಿದ್ದಾನೆ. ಯುವಕರ ನಂಬಿಕೆ ಗಟ್ಟಿಯಾಗುವುದಾದರೆ ಹೇಳುವುದರಲ್ಲಿ ಹಾನಿಯೇನು?
– ಯುವಜನ ನಾಯಕರು, ಮಂಗಳೂರು

ಉತ್ತರ: ಆ ವಿದ್ಯಾರ್ಥಿ ಹೇಳುತ್ತಿರುವುದು ಸರಿ. ಎರಡೂ ನಡೆದ ಸಂಗತಿಗಳಲ್ಲ.

ಕಾಣೆಯಾದ ದಿನದ ಲೆಕ್ಕ 1890ರಷ್ಟು ಹಿಂದೆಯೇ ಅಚ್ಚಾಗಿತ್ತು. ನಾಸಾ ಹುಟ್ಟಿದ್ದು 1958ರಲ್ಲಿ. 1970ರ ದಶಕದ ಹೊತ್ತಿಗೆ ಹಳೆಯ ಕಥೆಗೆ ಯಾರೋ ಕಂಪ್ಯೂಟರನ್ನೂ ವಿಜ್ಞಾನಿಗಳನ್ನೂ ಸೇರಿಸಿದರು. ನಾಸಾ ಅದನ್ನು ಅಲ್ಲಗಳೆದಿದೆ. ಅಂಥ ಲೆಕ್ಕ ಸಾಧ್ಯವೂ ಇಲ್ಲ. ಗ್ರಹಗಳು ಇಂದು ಎಲ್ಲಿವೆ ಎಂಬುದರಿಂದ ಹಿಂದಕ್ಕೆ ಎಣಿಸಿಕೊಂಡು ಹೋದರೆ ಎಲ್ಲಿಯೂ ತೂತು ಕಾಣುವುದಿಲ್ಲ. ಒಂದು ದಿನ ಕಡಿಮೆಯಾಗಿದೆ ಎನ್ನಬೇಕಾದರೆ ಯೆಹೋಶುವನಿಗಿಂತ ಮೊದಲು ಭೂಮಿ ಎಲ್ಲಿತ್ತು ಎಂದು ಯಾರಾದರೂ ಬರೆದಿಟ್ಟಿರಬೇಕು. ಅಂಥ ದಾಖಲೆಯಿಲ್ಲ.

ಡಾರ್ವಿನ್ ತೀರಿಕೊಂಡದ್ದು 1882ರ ಏಪ್ರಿಲ್‌ನಲ್ಲಿ. ಲೇಡಿ ಹೋಪ್ ಎಂಬ ಸುವಾರ್ತಾ ಪ್ರಚಾರಕಿ ಹೇಳಿದ್ದೆನ್ನಲಾದ ಕಥೆ ಅಮೆರಿಕದ ಬ್ಯಾಪ್ಟಿಸ್ಟ್ ಪತ್ರಿಕೆಯೊಂದರಲ್ಲಿ ಬಂದದ್ದು 1915ರಲ್ಲಿ, 33 ವರ್ಷಗಳ ನಂತರ. ತಂದೆಯ ಮರಣಶಯ್ಯೆಯ ಪಕ್ಕದಲ್ಲಿದ್ದ ಮಗಳು ಹೆನ್ರಿಯೆಟಾ, ಆ ಮಹಿಳೆ ಅಲ್ಲಿರಲೇ ಇಲ್ಲ, ತಂದೆ ತಮ್ಮ ವೈಜ್ಞಾನಿಕ ನಿಲುವನ್ನು ಹಿಂತೆಗೆದುಕೊಳ್ಳಲೂ ಇಲ್ಲ ಎಂದು 1922ರಲ್ಲಿ ಬರೆದರು. ಆಕೆಯ ಮಾತನ್ನು ಬದಿಗಿಟ್ಟು ಆ ಕಥೆಯನ್ನು ಒಂದು ಶತಮಾನ ಬೋಧಿಸಿದ್ದೇವೆ.

ಹಾನಿಯೇನು ಎಂದು ಕೇಳಿದ್ದೀರಿ. ನಿಮ್ಮ ಕೂಟದ ಹುಡುಗಿಯೊಬ್ಬಳು ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ನಂಬಿಕೆಯಿಂದ ಈ ಕಥೆ ಹೇಳುತ್ತಾಳೆ, ಗೆಳತಿ ಮೊಬೈಲ್ ತೆಗೆದು ಐದು ನಿಮಿಷದಲ್ಲಿ ಅದು ಸುಳ್ಳೆಂದು ತೋರಿಸುತ್ತಾಳೆ. ಇವರು ಇದನ್ನೂ ಹೇಳಿದರು, ಯೇಸು ಎದ್ದು ಬಂದನೆಂದೂ ಹೇಳಿದರು. ಅದೂ ಹೀಗೆಯೋ ಎಂದು ಆಕೆ ಆ ರಾತ್ರಿ ಯೋಚಿಸುವುದಿಲ್ಲವೇ? ಗಟ್ಟಿಯಾಯಿತೆಂದು ನಾವು ಅಂದುಕೊಂಡ ನಂಬಿಕೆ ಅಲ್ಲಿಯೇ ಕುಸಿಯುತ್ತದೆ, ಅದಕ್ಕೆ ಕಾರಣ ನಾವು.

ಪುನರುತ್ಥಾನದ ವಿಷಯದಲ್ಲಿ ಪೌಲನು ಹೀಗೆ ಮಾತನಾಡಲಿಲ್ಲ. 1 ಕೊರಿಂಥ 15ರಲ್ಲಿ ಕ್ರಿಸ್ತನು ಕೇಫನಿಗೆ, ಅಂದರೆ ಪೇತ್ರನಿಗೆ, ಕಾಣಿಸಿಕೊಂಡನು, ಆಮೇಲೆ ಐನೂರಕ್ಕಿಂತ ಹೆಚ್ಚು ಮಂದಿಗೆ ಕಾಣಿಸಿಕೊಂಡನು, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಎನ್ನುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬ ಧೈರ್ಯ ಆ ಮಾತಿನಲ್ಲಿದೆ. ಕ್ರಿಸ್ತನು ಎದ್ದಿಲ್ಲವಾದರೆ ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾಗುತ್ತೇವೆ ಎಂದೂ ಅಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಜನರಿಗೆ ಉಪಯೋಗವಾಯಿತಲ್ಲ, ಅಷ್ಟು ಸಾಕು ಎಂಬ ಸಮಾಧಾನ ಅವನಿಗೆ ಸಾಲಲಿಲ್ಲ. ಯೋಬನಂತೂ ತನ್ನ ಸ್ನೇಹಿತರನ್ನು, ದೇವರ ಪರವಾಗಿ ಮೋಸದ ಮಾತನ್ನಾಡುತ್ತೀರಾ ಎಂದೇ ಗದರಿದ (13:7).

ಸಭೆಯ ಇತಿಹಾಸದಲ್ಲಿಯೂ ಈ ಪ್ರಶ್ನೆ ಎದ್ದಿದೆ. ಸ್ಪೇನಿನ ಪ್ರಿಸಿಲಿಯನ್ ಪಂಥದವರು ಸುಳ್ಳು ಹೇಳಿ ತಮ್ಮ ನಂಬಿಕೆಯನ್ನು ಮರೆಮಾಚುತ್ತಿದ್ದರು. ನಾವೂ ಆ ಪಂಥದವರಂತೆ ನಟಿಸಿ ಅವರನ್ನು ಹಿಡಿಯೋಣ ಎಂದು ಸಭೆಯ ಕೆಲವರು ಹೊರಟರು. ಸುಮಾರು ಕ್ರಿ.ಶ. 420ರಲ್ಲಿ ಸಭಾಪಿತೃ ಅಗಸ್ಟೀನನು ಇದರ ವಿರುದ್ಧ ಒಂದು ಗ್ರಂಥವನ್ನೇ ಬರೆದ. ಸತ್ಯದ ರಕ್ಷಣೆಗೆಂದು ಸುಳ್ಳು ಹೇಳುವುದನ್ನೂ ಅವನು ಒಪ್ಪಲಿಲ್ಲ. ನಾನು ಅವನ ಪಕ್ಷ. ಮುಂದಿನ ಕೂಟದಲ್ಲಿ ಆ ಎರಡು ಕಥೆಗಳನ್ನು ಹಿಂತೆಗೆದುಕೊಳ್ಳಿ, ಆ ವಿದ್ಯಾರ್ಥಿಗೆ ಎಲ್ಲರ ಎದುರಿನಲ್ಲಿ ಕೃತಜ್ಞತೆ ಹೇಳಿ.

ಪ್ರಶ್ನೆ: ನನ್ನ ತಂದೆಗೆ 70 ದಾಟಿದೆ, ಸಭೆಯ ಹಿರಿಯರು. ಅನ್ಯಧರ್ಮದವರ ಬಗ್ಗೆ ಭಯ ಹುಟ್ಟಿಸುವ ವಿಡಿಯೊಗಳನ್ನು ದಿನವೂ ಎಲ್ಲರಿಗೂ ಕಳುಹಿಸುತ್ತಾರೆ. ಕೇಳಿದರೆ ‘ಕಣ್ಣಾರೆ ಕಂಡಿದ್ದೇನೆ, ವಿಡಿಯೊ ಸುಳ್ಳು ಹೇಳುತ್ತದೆಯೇ?’ ಎನ್ನುತ್ತಾರೆ. ಅವರ ಮನಸ್ಸು ನೋಯಿಸದೆ ಹೇಗೆ ತಿಳಿಸಲಿ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಿಮ್ಮ ತಂದೆಯ ತಲೆಮಾರಿನವರು ನಮಗಿಂತ ಚೆನ್ನಾಗಿ ಬಲ್ಲರು. ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳಿ.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಅವರಿಗೆ ನೆನಪಿರಬಹುದು. ಹೈದರಾಬಾದಿನ ಕಡೆಯಿಂದ ಬಂದಿದ್ದ ಸ್ನೇಹಿತರ ಗುಂಪು ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಇವರು ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನರು ಅಡ್ಡಗಟ್ಟಿ ಹೊಡೆದರು; ಒಬ್ಬ ಯುವಕ ಸತ್ತ, ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಚಾಕೊಲೇಟ್ ಕೊಟ್ಟದ್ದು ನಿಜ, ಕಾರು ನಿಜ, ಅಪರಿಚಿತರೆಂಬುದೂ ನಿಜ. ಅದಕ್ಕೆ ಹಚ್ಚಿದ ಅರ್ಥವೊಂದೇ ಸುಳ್ಳು. ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿಯನ್ನು ಪ್ರಕಟಿಸಿದ್ದು ಅದೇ ತಿಂಗಳು.

ಅಪೊಸ್ತಲರ ಕೃತ್ಯಗಳು 21ನೆಯ ಅಧ್ಯಾಯವನ್ನು ತಂದೆಯೊಂದಿಗೆ ಕೂತು ಓದಿ. ಯೆಹೂದ್ಯನಲ್ಲದ, ದೇವಾಲಯದೊಳಕ್ಕೆ ಬರಬಾರದಿದ್ದ ಎಫೆಸದ ತ್ರೊಫಿಮನು ಪೌಲನ ಸಂಗಡ ಯೆರೂಸಲೇಮ್ ಪಟ್ಟಣದಲ್ಲಿದ್ದುದನ್ನು ಕೆಲವರು ಕಂಡಿದ್ದರು. ಅದು ನಿಜ. ಅವನನ್ನು ದೇವಾಲಯದೊಳಕ್ಕೂ ಕರೆತಂದಿರಬೇಕು ಎಂದು ನೆನಸಿಕೊಂಡರು. ಅದು ಊಹೆ. ಊರೆಲ್ಲ ಕಲಕಿ ಪೌಲನನ್ನು ಎಳೆದು ಬಡಿಯತೊಡಗಿದರು. ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಕೂಗುತ್ತಿದ್ದರಿಂದ ರೋಮನ್ ಸೇನೆಯ ಸಹಸ್ರಾಧಿಪತಿಗೆ ನಿಜಸಂಗತಿ ತಿಳಿಯಲಿಲ್ಲ ಎಂದು ಲೂಕ ಬರೆದಿದ್ದಾನೆ.

ಅದರ ಜೊತೆಗೆ ಯೆಹೋಶುವ 22 ಓದಿ. ಯೊರ್ದನ್ ತೀರದಲ್ಲಿ ರೂಬೇನ್, ಗಾದ್ ಮತ್ತು ಮನಸ್ಸೆಯ ಅರ್ಧ ಕುಲದವರು ದೊಡ್ಡ ಬಲಿಪೀಠ ಕಟ್ಟಿದರು. ಇದು ದೇವದ್ರೋಹ ಎಂದು ಉಳಿದ ಇಸ್ರಾಯೇಲ್ಯರು ಯುದ್ಧಕ್ಕೆ ನೆರೆದರು. ಆದರೆ ಕತ್ತಿ ಎತ್ತುವ ಮೊದಲು ಯಾಜಕನ ಮಗನಾದ ಫೀನೆಹಾಸನನ್ನೂ ಹತ್ತು ಪ್ರಭುಗಳನ್ನೂ ಕೇಳಿ ಬರಲು ಕಳುಹಿಸಿದರು. ಅದು ಬಲಿಯರ್ಪಿಸಲು ಕಟ್ಟಿದ್ದಲ್ಲ, ನಾವೂ ನೀವೂ ಒಂದೇ ದೇವರ ಜನವೆಂಬುದಕ್ಕೆ ಸಾಕ್ಷಿಗಾಗಿ ಕಟ್ಟಿದ್ದು ಎಂದು ಗೊತ್ತಾಯಿತು. ಯುದ್ಧದ ಮಾತು ಅಲ್ಲಿಗೇ ನಿಂತಿತು. ಹೋಗಿ ಕೇಳಿದ್ದರಿಂದ ಎಷ್ಟು ಮನೆಗಳು ಉಳಿದವು! ಬೈಬಲಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಅಧ್ಯಾಯಗಳಲ್ಲಿ ಇದೊಂದು. ಇದರ ಮೇಲೆ ಪ್ರಸಂಗ ಕೇಳಿಬರುವುದು ಅಪರೂಪ.

ಆಮೇಲೆ ಮೊಬೈಲ್ ಕೈಗೆ ತೆಗೆದುಕೊಳ್ಳಿ. ಅವರು ಕಳುಹಿಸಿದ ಒಂದು ವಿಡಿಯೊವನ್ನು ನಡುವೆ ನಿಲ್ಲಿಸಿ, ಅಂಗಡಿಗಳ ಬೋರ್ಡು ಯಾವ ಲಿಪಿಯಲ್ಲಿದೆ, ವಾಹನದ ನಂಬರ್ ಯಾವ ಅಕ್ಷರಗಳಿಂದ ಆರಂಭವಾಗುತ್ತದೆ, ಪೊಲೀಸರ ಸಮವಸ್ತ್ರ ನಮ್ಮದೇ ಅಲ್ಲವೇ ಎಂದು ಅವರನ್ನೇ ನೋಡಲು ಬಿಡಿ. ಹುಬ್ಬಳ್ಳಿಯದು ಎಂದು ಬಂದ ವಿಡಿಯೊದಲ್ಲಿ ಬಂಗಾಳಿ ಬೋರ್ಡು ಕಂಡರೆ ನೀವು ವಾದಿಸಬೇಕಾಗಿಲ್ಲ. ಅದೇ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದು ಮೊದಲು ಎಲ್ಲಿ, ಯಾವ ವರ್ಷ ಬಂದಿತ್ತೆಂಬುದು ಹಲವು ಸಲ ಸಿಗುತ್ತದೆ. ಕೃತಕ ಬುದ್ಧಿಮತ್ತೆಯಿಂದ ಮಾಡಿದ್ದಾದರೆ ಹಳೆಯ ಮೂಲವೇ ಇರುವುದಿಲ್ಲ. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಉಬ್ಬಿದ ಬಿಳಿ ಕೋಟು ತೊಟ್ಟ ಚಿತ್ರವನ್ನು ನಂಬಿದವರು ಲೋಕದಲ್ಲೆಲ್ಲ ಇದ್ದರು. ಅಂಥ ಕಡೆ, ಇದನ್ನು ಹೇಳುತ್ತಿರುವವರು ಯಾರು, ಹೆಸರು ಹೇಳಿಕೊಂಡು ಹೊಣೆ ಹೊರುವ ಪತ್ರಿಕೆಯೊಂದಾದರೂ ಬರೆದಿದೆಯೇ ಎಂದು ಕೇಳುವುದೊಂದೇ ದಾರಿ.

ಇದೆಲ್ಲ ಮನೆಯೊಳಗೆ, ನೀವಿಬ್ಬರೇ ಇರುವಾಗ ಆಗಲಿ. ಮುದುಕನನ್ನು ಗದರಿಸದೆ ತಂದೆಯಂತೆ ಭಾವಿಸಿ ಬುದ್ಧಿಹೇಳು ಎಂದು ಪೌಲನು ತಿಮೊಥೆಯನಿಗೆ ಬರೆದ (1 ತಿಮೊಥೆಯ 5:1). ನಿಮಗಾದರೋ ಅವರು ಹೆತ್ತ ತಂದೆ. ಗುಂಪಿನಲ್ಲಿ ಎಲ್ಲರೆದುರು ‘ಅಪ್ಪಾ, ಇದು ಸುಳ್ಳು’ ಎಂದು ಬರೆಯಬೇಡಿ. ಅವರಿಗೆ ಮನವರಿಕೆಯಾದರೆ, ತಿದ್ದುಪಡಿಯನ್ನು ಅವರ ಕೈಯಿಂದಲೇ ಹಾಕಿಸಿ. ವಿಡಿಯೊ ಅಳಿಸಿದರೆ ಸಾಲದು, ನೋಡಿದವರು ಆಗಲೇ ನೋಡಿಯಾಗಿದೆ. ‘ನಿನ್ನೆ ನಾನು ಕಳುಹಿಸಿದ ವಿಡಿಯೊ ನಮ್ಮ ಊರಿನದಲ್ಲ, ಹಳೆಯದು. ಯಾರಿಗಾದರೂ ಕಳುಹಿಸಿದ್ದರೆ ಅವರಿಗೂ ದಯವಿಟ್ಟು ತಿಳಿಸಿ’ ಎಂದು ಎರಡು ಸಾಲು, ಅದೇ ಗುಂಪಿನಲ್ಲಿ, ಅವರ ಹೆಸರಿನಲ್ಲಿಯೇ ಬರಲಿ.