ಅಚ್ಚು ಕಾರ್ಖಾನೆಯ ವಶದಲ್ಲೇ ಉಳಿದಾಗ

ನಿಮ್ಮ ಸರಕಿನ ಭಾಗಗಳಿಗೆ ಆಕಾರ ಕೊಡುವ ಅಚ್ಚಿನ (ಮೋಲ್ಡ್) ಪೂರ್ತಿ ಹಣ ಪಡೆದ ಮೇಲೂ ಚೀನಾದ ಶೆನ್‌ಝೆನ್‌ನ ಕಾರ್ಖಾನೆ ಅದನ್ನು ಬಿಟ್ಟುಕೊಡುತ್ತಿಲ್ಲವೆಂದರೆ, ಬಹುಶಃ ನಿಮ್ಮ ಖರೀದಿ ಆದೇಶದಲ್ಲಿ ಅಚ್ಚಿನ ದರವಿದೆ, ಒಡೆತನದ ಮಾತಿಲ್ಲ. ಕಾಗದ ನೋಡದೆ ಇದನ್ನು ಖಚಿತವಾಗಿ ಹೇಳಲಾರೆ.

ಮೊದಲು, ಮುಂದಿನ ಆದೇಶದ ಮುಂಗಡ ಕಳಿಸುವ ಮುನ್ನವೇ, ಅಚ್ಚು ನಿಮ್ಮದೆಂದೂ ಕೇಳಿದ ಇಂತಿಷ್ಟು ದಿನಗಳೊಳಗೆ ಹಿಂತಿರುಗಿಸಬೇಕೆಂದೂ ತಪ್ಪಿದರೆ ಇಷ್ಟು ದಂಡವೆಂದೂ ಹೇಳುವ ಒಪ್ಪಂದವನ್ನು ಚೀನೀ ಭಾಷೆಯಲ್ಲೇ ಬರೆಸಿ, ಕಂಪನಿಯ ದುಂಡನೆಯ ಕೆಂಪು ಮೊಹರನ್ನು ಹಾಕಿಸಿಕೊಳ್ಳಿ. ಮಾರಾಟ ವಿಭಾಗದವರ ಸಹಿಯೊಂದನ್ನೇ ನೆಚ್ಚಬೇಡಿ. ಮೊಹರಿನಲ್ಲಿರುವ ಹೆಸರು ವ್ಯಾಪಾರ ಪರವಾನಗಿಯಲ್ಲಿರುವ ಚೀನೀ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. (ಹಣ ಕೈಸೇರಿದ ಮೇಲೆ ಆ ಮೊಹರು ಸುಲಭವಾಗಿ ಹೊರಬರುವುದಿಲ್ಲ.)

ವಿವಾದವನ್ನು ನಿಮ್ಮ ದೇಶದ ನ್ಯಾಯಾಲಯಕ್ಕೆ ಒಪ್ಪಿಸಬೇಡಿ, ಏಕೆಂದರೆ ಆ ತೀರ್ಪನ್ನು ಚೀನಾದಲ್ಲಿ ಜಾರಿಗೊಳಿಸುವುದು ಕಷ್ಟ. ಚೀನೀ ನ್ಯಾಯಾಲಯವನ್ನಾಗಲಿ, 1958ರ ನ್ಯೂಯಾರ್ಕ್ ಒಡಂಬಡಿಕೆಯಡಿ (ವಿದೇಶಿ ಮಧ್ಯಸ್ಥಿಕೆ ತೀರ್ಪುಗಳನ್ನು ಮಾನ್ಯ ಮಾಡುವ ಅಂತರರಾಷ್ಟ್ರೀಯ ಒಪ್ಪಂದ) ಜಾರಿಗೊಳಿಸಬಹುದಾದ ಮಧ್ಯಸ್ಥಿಕೆ (ಆರ್ಬಿಟ್ರೇಷನ್) ತೀರ್ಪನ್ನಾಗಲಿ ಆರಿಸಿಕೊಳ್ಳಿ.

ಬಳಿಕ ಟ್ರೇಡ್‌ಮಾರ್ಕನ್ನು ಚೀನಾದಲ್ಲೇ ನೋಂದಾಯಿಸಿ. ಅಲ್ಲಿ ಸಾಮಾನ್ಯವಾಗಿ ಮೊದಲು ಬಳಸಿದವರಿಗಿಂತ ಮೊದಲು ಅರ್ಜಿ ಹಾಕಿದವರಿಗೇ ಹಕ್ಕು. ಫರ್ಮ್‌ವೇರ್‌ನ (ಸಾಧನದೊಳಗೆ ಕೆಲಸ ಮಾಡುವ ತಂತ್ರಾಂಶ) ಸೋರ್ಸ್ ಕೋಡನ್ನು, ಅಂದರೆ ಅದರ ಮೂಲ ಬರಹವನ್ನು, ಕಾರ್ಖಾನೆಗೆ ಎಂದೂ ಕೊಡಬೇಡಿ.

ಮೊಹರು ಹಾಕಲು ಒಪ್ಪದಿದ್ದರೆ, ವಕೀಲರ ನೋಟಿಸ್ ಕಳಿಸುವ ಮೊದಲೇ ಬೇರೆಡೆ ಎರಡನೆಯ ಅಚ್ಚು ಮಾಡಿಸಿಕೊಳ್ಳಿ.