ಇಸ್ಲಾಂ ಕ್ರೈಸ್ತ ಧರ್ಮದ ಕವಲೇ?

ಪ್ರಶ್ನೆ: ಇಸ್ಲಾಂ ಕ್ರೈಸ್ತ ಧರ್ಮದಿಂದ ಒಡೆದು ಬಂದ ಪಂಥ, ಪ್ರವಾದಿಗೆ ಕ್ರೈಸ್ತ ಸನ್ಯಾಸಿಯೊಬ್ಬ ಗುರುವಾಗಿದ್ದ ಎಂದು ಓದಿದೆ. ಕುರ್‌ಆನಿನಲ್ಲಿ ಯೇಸು, ಮರಿಯಳ ಪ್ರಸಂಗಗಳೂ ಇವೆಯಲ್ಲ. ಈ ಮಾತು ಎಷ್ಟು ನಿಜ?

ಉತ್ತರ: ಕವಲು ಎನ್ನಬೇಕಾದರೆ ಒಂದು ಚರ್ಚಿನ ಒಳಗಿದ್ದವರು ಅದನ್ನು ಬಿಟ್ಟು ಹೊರಬಂದಿರಬೇಕು. ಮೊದಲ ಮುಸ್ಲಿಮರು ಹಾಗೆ ಬಂದರೆನ್ನಲು ಆಧಾರವಿಲ್ಲ.

ಸನ್ಯಾಸಿಯ ವಿಷಯ ಮೊದಲು. ಮುಸ್ಲಿಂ ಪರಂಪರೆ ಅವನನ್ನು ಬಹೀರಾ ಎನ್ನುತ್ತದೆ. ಸಿರಿಯಾದ ಬುಸ್ರಾದಲ್ಲಿ ಬಾಲಕ ಮುಹಮ್ಮದರನ್ನು ಕಂಡು ಭಾವಿ ಪ್ರವಾದಿಯೆಂದು ಗುರುತಿಸಿದವನು ಅವನು. ಕ್ರೈಸ್ತ ಬರಹಗಳಲ್ಲಿ ಸನ್ಯಾಸಿಯೇ ಪಾಠ ಹೇಳುವ ಗುರು. ಕ್ರೈಸ್ತ ವಿದ್ವಾಂಸ ದಮಾಸ್ಕಸ್‌ನ ಯೋಹಾನನ ಮನೆತನ ಉಮಯ್ಯದ್ ವಂಶದ ಮುಸ್ಲಿಂ ದೊರೆಗಳಾದ ಖಲೀಫರ ಹಣಕಾಸು ಆಡಳಿತದಲ್ಲಿತ್ತು. ಅವನು 8ನೇ ಶತಮಾನದಲ್ಲಿ ಇಸ್ಲಾಮನ್ನು ಪಾಷಂಡ ಪಂಥಗಳ ಪಟ್ಟಿಗೆ ಸೇರಿಸಿ, ಹೆಸರಿಲ್ಲದ ಒಬ್ಬ ಏರಿಯನ್ (ಯೇಸು ತಂದೆ ದೇವರಿಗೆ ಸಮನಲ್ಲ ಎಂಬ ಕ್ರೈಸ್ತ ಪಂಥದ) ಸನ್ಯಾಸಿಯನ್ನು ಮುಂದಿಟ್ಟ. ನೀವು ಓದಿದ ಮಾತಿನ ಬೇರು ಅಲ್ಲಿದೆ. ಎರಡೂ ಕಥೆಗಳು ಬರಹಕ್ಕಿಳಿದದ್ದು 632ರಲ್ಲಿ ಪ್ರವಾದಿ ತೀರಿಕೊಂಡು ಸುಮಾರು ನೂರು ವರ್ಷ ಅಥವಾ ಇನ್ನೂ ಹೆಚ್ಚು ಕಳೆದ ಮೇಲೆ. ಮುಸ್ಲಿಮರಿಗೆ ಸಾಕ್ಷಿ ಬೇಕಿತ್ತು, ಕ್ರೈಸ್ತರಿಗೆ ಆರೋಪ.

ಅಷ್ಟಕ್ಕೂ ಬೈಬಲಿನ ಕಥೆ ಕೇಳಲು ಅಲ್ಲಿ ಗುರುವೇ ಬೇಕಿರಲಿಲ್ಲ. ಅರೇಬಿಯದ ದಕ್ಷಿಣಕ್ಕೆ ನಜ್ರಾನ್‌ನಲ್ಲಿ ಕ್ರೈಸ್ತರಿದ್ದರು. 523ರ ಸುಮಾರಿಗೆ ಯೆಮೆನಿನ ಹಿಮ್ಯಾರ ರಾಜ್ಯದ ಯಹೂದಿ ದೊರೆ ಅವರ ಕಗ್ಗೊಲೆ ನಡೆಸಿದ್ದ. ಉತ್ತರದ ಗಸ್ಸಾನಿ ಅರಬರು ಕ್ರೈಸ್ತರೇ. ಕೆಂಪು ಸಮುದ್ರದಾಚೆಯ ಅಕ್ಸುಮ್‌ನ (ಇಂದಿನ ಇಥಿಯೋಪಿಯ) ದೊರೆಯೂ ಕ್ರೈಸ್ತ. ಮೆಕ್ಕಾದ ಕಿರುಕುಳ ತಾಳದ ಮುಸ್ಲಿಮರು 615ರ ಸುಮಾರಿಗೆ ಅವನ ಆಶ್ರಯಕ್ಕೆ ಹೋದರೆಂದು ಪರಂಪರೆ ಹೇಳುತ್ತದೆ.

ಈಗ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನಿನ ಎರಡು ಚರ್ಮದ ಹಾಳೆಗಳನ್ನು ನೋಡಿ. ಇಂಗಾಲ ಪರೀಕ್ಷೆಯ ಪ್ರಕಾರ ಆ ಚರ್ಮ 568–645ರ ನಡುವಿನದು. (ಇದು ಪ್ರಾಣಿ ಸತ್ತ ಕಾಲ, ಶಾಯಿಯದಲ್ಲ, ಇಲ್ಲಿ ಅನೇಕರು ಎಡವುತ್ತಾರೆ.) ಒಂದು ಹಾಳೆಯಲ್ಲಿ 18ನೇ ಅಧ್ಯಾಯದ, ಗುಹೆಯಲ್ಲಿ ನೂರಾರು ವರ್ಷ ಮಲಗಿದ್ದವರ ಪ್ರಸಂಗದ ಭಾಗವಿದೆ. ಎಫೆಸಸ್‌ನ ಏಳು ನಿದ್ರಾಳುಗಳ ಈ ಕಥೆ ಕ್ರೈಸ್ತರಿಗೆ ಚೆನ್ನಾಗಿ ಗೊತ್ತಿತ್ತು. 521ರಲ್ಲಿ ತೀರಿಕೊಂಡ ಸೆರೂಗ್‌ನ ಯಾಕೋಬ ಅದನ್ನು ಆ ಭಾಗದ ಕ್ರೈಸ್ತರ ಭಾಷೆಯಾದ ಸಿರಿಯಾಕ್‌ನ ಪದ್ಯದಲ್ಲಿ ಹೇಳಿದ್ದ. ಇನ್ನೊಂದು ಹಾಳೆಯಲ್ಲಿ 19ನೆಯ ಮರ್ಯಮ್ (ಮರಿಯ) ಅಧ್ಯಾಯದ ಕೊನೆ: ಮಗನನ್ನು ಹೊಂದುವುದು ದಯಾಮಯನಾದ ದೇವರಿಗೆ ತಕ್ಕದ್ದಲ್ಲ. ಕಥೆ ಇಬ್ಬರದೂ, ತೀರ್ಪು ಬೇರೆ. ಕುರ್‌ಆನ್ ಯೇಸುವಿನ ಕನ್ಯಾಜನನವನ್ನು ಒಪ್ಪುತ್ತದೆ, ಮೆಸ್ಸೀಯ ಎಂದು ಕರೆಯುತ್ತದೆ. ದೇವಪುತ್ರತ್ವವನ್ನೂ, ಶತ್ರುಗಳು ಅವನನ್ನು ಶಿಲುಬೆಗೇರಿಸಿದರೆಂಬ ಮಾತನ್ನೂ (4:157) ನಿರಾಕರಿಸುತ್ತದೆ. ನಕಲು ಮಾಡುವವರು ಹೀಗೆ ವಾದಕ್ಕೆ ನಿಲ್ಲುವುದಿಲ್ಲ.

ಆ ವಾದ ಬಹಿರಂಗವಾಗಿ ಕಾಣುವುದು ಜೆರುಸಲೇಮಿನ ಬಂಡೆಯ ಗುಮ್ಮಟದಲ್ಲಿ. ಖಲೀಫ ಅಬ್ದುಲ್ ಮಲಿಕ್ ಕಟ್ಟಿಸಿದ ಈ ಕಟ್ಟಡದ ಒಳ ಕಮಾನುಗಳ ಮೇಲೆ ಸುಮಾರು 240 ಮೀಟರ್ ಉದ್ದಕ್ಕೆ ಮೊಸಾಯಿಕ್ ಅಕ್ಷರಗಳಿವೆ. 'ಗ್ರಂಥದವರೇ, ನಿಮ್ಮ ಧರ್ಮದಲ್ಲಿ ಮಿತಿ ಮೀರಬೇಡಿ', 'ಮೂರು ಎನ್ನಬೇಡಿ' (ಅಂದರೆ ದೇವರು ತ್ರಿಮೂರ್ತಿಯೆಂಬ ಕ್ರೈಸ್ತ ನಂಬಿಕೆ ಬೇಡ) ಎಂದು ಅದು ಕ್ರೈಸ್ತರನ್ನು ನೇರವಾಗಿ ಉದ್ದೇಶಿಸಿ ಹೇಳುತ್ತದೆ. ಜೊತೆಗೇ ಮರ್ಯಮ್ ಅಧ್ಯಾಯದಲ್ಲಿ ಯೇಸು ತನ್ನ ಬಗ್ಗೆ ಆಡುವ 'ನಾನು ಹುಟ್ಟಿದ ದಿನ ನನ್ನ ಮೇಲೆ ಶಾಂತಿ' ಎಂಬ ಮಾತನ್ನು 'ಅವನು ಹುಟ್ಟಿದ ದಿನ ಅವನ ಮೇಲೆ' ಎಂದು ಬದಲಿಸಿ ಬರೆದಿದೆ. ನೋಡುವವನ ಬಾಯಲ್ಲೇ ಯೇಸುವಿಗೆ ಶಾಂತಿ ಕೋರಿಸುವ ಈ ಗೌರವವನ್ನು, ಬರೀ ವೈರವನ್ನಷ್ಟೇ ಹುಡುಕುವವರು ಗಮನಿಸುವುದೇ ಇಲ್ಲ.

ಗುಮ್ಮಟದ ಈ ಶಾಸನದಲ್ಲಿರುವ ಇಸವಿ ಹಿಜರಿ (622ರಿಂದ ಎಣಿಸುವ ಇಸ್ಲಾಮೀ ಚಾಂದ್ರಮಾನ) 72. ಇದಕ್ಕೆ ನೇರ 622 ಕೂಡಿಸಿ 694 ಎಂದು ಬರೆದುಬಿಡುವುದುಂಟು. ಹಿಜರಿ ವರ್ಷಕ್ಕೆ 354 ಅಥವಾ 355 ದಿನಗಳೇ ಆದ್ದರಿಂದ, ಮೊದಲು 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ: 691–92 ಬರುತ್ತದೆ. ಒಂದು ವರ್ಷ ಆಚೀಚೆ ಆಗಬಹುದು. ವಿಜಯಪುರದ ಪಾರಸಿ ಶಾಸನಗಳ ಹಿಜರಿ ಇಸವಿಗೂ ಇದೇ ಲೆಕ್ಕ.