ವಿಕಿರಣಶೀಲ ಔಷಧಗಳ ಘಟಕ: ಯಾವ ತರಬೇತಿ ಬೇಕು?

ಪ್ರಶ್ನೆ: ನಾನು ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್. ವಿಕಿರಣಶೀಲ ಔಷಧಗಳನ್ನು ಸಿದ್ಧಪಡಿಸುವ ಘಟಕಕ್ಕೆ ನನ್ನನ್ನು ವರ್ಗಾಯಿಸಲಿದ್ದಾರೆ. ನನ್ನ ಈಗಿನ ಶಿಕ್ಷಣ ಅದಕ್ಕೆ ಸಾಲುತ್ತದೆಯೇ?

ಉತ್ತರ: ಸಾಲುವುದಿಲ್ಲ, ಆದರೆ ಒಳ್ಳೆಯ ಅಡಿಪಾಯವಂತೂ ಹೌದು. ಈ ಕೆಲಸದಲ್ಲಿ ಎರಡು ಶಿಸ್ತುಗಳು ಒಂದನ್ನೊಂದು ಎಳೆದಾಡುತ್ತವೆ: ಸೂಕ್ಷ್ಮಾಣುರಹಿತ ತಯಾರಿಕೆಯು ನಿಧಾನವಾದ, ಎಚ್ಚರದ ಕೈಚಲನೆಯನ್ನು ಬಯಸಿದರೆ, ವಿಕಿರಣ ಸುರಕ್ಷತೆಯು ಮೂಲದ ಸಮೀಪ ಕಳೆಯುವ ಸಮಯವನ್ನು ಆದಷ್ಟು ಕಡಿಮೆ ಮಾಡಬೇಕೆನ್ನುತ್ತದೆ. ಆದ್ದರಿಂದ ಮೊದಲು ವಿಕಿರಣವಿಲ್ಲದ ದ್ರಾವಣದಲ್ಲಿ ಕೈ ಪಳಗಿಸಿಕೊಳ್ಳಿ. ಸೀಸದ ಅಥವಾ ಟಂಗ್‌ಸ್ಟನ್ ಕವಚದ ಸಿರಿಂಜು ಹಿಡಿಯುವುದು ಅಷ್ಟು ಸುಲಭವಲ್ಲ. ಬೆರಳಿಗೆ ಬೀಳುವ ವಿಕಿರಣವನ್ನು ಅಳೆಯುವ ಉಂಗುರವನ್ನು ಒಂದು ದಿನವೂ ಮರೆಯಬೇಡಿ.

ಈ ಔಷಧಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಕಿರಣಶೀಲ ಧಾತು ಟೆಕ್ನೀಷಿಯಂ-99ಎಂನ ಅರ್ಧಾಯುಷ್ಯ, ಅಂದರೆ ಅದರ ವಿಕಿರಣಶೀಲತೆ ಅರ್ಧಕ್ಕೆ ಇಳಿಯಲು ಬೇಕಾದ ಸಮಯ, ಸುಮಾರು 6 ಗಂಟೆ. ಸೂಕ್ಷ್ಮಾಣು ಪರೀಕ್ಷೆಯ ಫಲಿತಾಂಶಕ್ಕೋ ಸಾಮಾನ್ಯವಾಗಿ 14 ದಿನ ಬೇಕು. ಅಂದರೆ ಫಲಿತಾಂಶ ಕೈಸೇರುವ ಮೊದಲೇ ಔಷಧ ರೋಗಿಯ ದೇಹ ಸೇರಿರುತ್ತದೆ. ಹೀಗಾಗಿ ತಯಾರಿಸುವವರ ಕೌಶಲವನ್ನೇ ಔಷಧದ ಬದಲು ಸೂಕ್ಷ್ಮಾಣುಗಳು ಬೆಳೆಯಬಲ್ಲ ಪೋಷಕ ದ್ರಾವಣವನ್ನು ಕೊಟ್ಟು ಆಗಾಗ ಪರೀಕ್ಷಿಸುತ್ತಾರೆ. ಮಾಲಿಬ್ಡಿನಂನಿಂದ ಟೆಕ್ನೀಷಿಯಂ ಒದಗಿಸುವ ಉಪಕರಣವಾದ ಜನರೇಟರಿನಿಂದ ತೆಗೆದ ದ್ರಾವಣದಲ್ಲಿ ಮಾಲಿಬ್ಡಿನಂ ಸೋರಿಕೆಯನ್ನು ಅಳೆಯುವುದು, ಘಟಕಗಳನ್ನು ಬೇರ್ಪಡಿಸಿ ತೋರಿಸುವ ತೆಳುಪದರ ಕ್ರೊಮಟಾಗ್ರಫಿಯಿಂದ ವಿಕಿರಣರಾಸಾಯನಿಕ ಶುದ್ಧತೆಯನ್ನು (ವಿಕಿರಣಶೀಲ ಧಾತುವಿನ ಎಷ್ಟು ಪಾಲು ಬೇಕಾದ ರಾಸಾಯನಿಕ ರೂಪದಲ್ಲಿದೆ ಎಂಬುದನ್ನು) ನೋಡುವುದು ನಿಮಗೆ ಬೇಗನೆ ಅಭ್ಯಾಸವಾಗುತ್ತದೆ.

ನನ್ನ ಮಟ್ಟಿಗೆ, ತಾಂತ್ರಿಕ ಪಾಠಕ್ಕಿಂತ ಕಠಿಣವಾದದ್ದು ಅಧಿಕಾರದ ಪ್ರಶ್ನೆ. ಸ್ಕ್ಯಾನಿಗೆ ರೋಗಿ ಕಾದಿರುವಾಗ, ಶುದ್ಧತೆ ಸಾಲದ ಔಷಧವನ್ನು ಬಿಡುಗಡೆ ಮಾಡುವುದಿಲ್ಲವೆಂದು ಹೇಳುವ ಹಕ್ಕು ಯಾರಿಗಿದೆ ಎಂಬುದನ್ನು ವರ್ಗಾವಣೆ ಒಪ್ಪಿಕೊಳ್ಳುವ ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ.